ಯಾವುದಕ್ಕೆ ಒಂದೂವರೆ ಮೈಲಿ?

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನಂಬಿ ಹಾರುವ ಅರ್ಹತೆಗೆ) ತಯಾರಿ ನಡೆಸುತ್ತಿದ್ದೆ. ಸೆಸ್ನಾ 172 ವಿಮಾನ, ಹೊರಗಿನದು ಕಾಣದಂತೆ ಕಣ್ಣಿಗೆ ಮಬ್ಬು ಕನ್ನಡಕ. ಜಿಪಿಎಸ್ ಪರದೆಯಲ್ಲಿ ದೂರ 1.5 ಮೈಲಿ ಎಂದು ಕಂಡಿತು. ರನ್‌ವೇ ಇಷ್ಟು ಹತ್ತಿರ ಬಂದರೂ ಎತ್ತರ ಇಳಿಸಿಲ್ಲವಲ್ಲ ಎಂದು ಗಾಬರಿಯಾಗಿ ಮೂತಿ ಬಗ್ಗಿಸಿದೆ. "ಯಾವುದಕ್ಕೆ 1.5?" ಎಂದು ಕೇಳುತ್ತಲೇ ತರಬೇತುದಾರರು ಚುಕ್ಕಾಣಿಯಾದ ಯೋಕ್ ಹಿಡಿದರು. ಆ ದೂರ ನಡುವಿನ ಸ್ಟೆಪ್‌ಡೌನ್ ಫಿಕ್ಸ್‌ಗಿತ್ತು, ಅಂದರೆ ದಾಟಿದ ಮೇಲಷ್ಟೇ ಮುಂದಿನ ಹಂತಕ್ಕೆ ಇಳಿಯಬಹುದಾದ ಬಿಂದುವಿಗೆ. ರನ್‌ವೇ ಅಲ್ಲಿಂದಾಚೆಗೆ ಇನ್ನೂ 2 ಮೈಲಿ. ಆ ಫಿಕ್ಸ್ ದಾಟುವವರೆಗೆ ಕಾಯ್ದುಕೊಳ್ಳಬೇಕಾದ ಎತ್ತರದಿಂದ ನಾನು ಕೆಳಗಿಳಿಯುತ್ತಿದ್ದೆ.

ಅಂದಿನಿಂದ ಮಿಸ್ಡ್ ಅಪ್ರೋಚ್ ಪಾಯಿಂಟ್‌ನ (ರನ್‌ವೇ ಕಾಣದಿದ್ದರೆ ಇಳಿಯುವುದನ್ನು ಕೈಬಿಡಬೇಕಾದ ಬಿಂದುವಿನ) ಹೆಸರನ್ನು ತೊಡೆಯ ಮೇಲಿನ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳುತ್ತೇನೆ. ಜಿಪಿಎಸ್ ಎಡಬಲದ ದಾರಿಯನ್ನಷ್ಟೇ ತೋರುವ ಎಲ್‌ನ್ಯಾವ್ ಅಪ್ರೋಚ್‌ಗಳಲ್ಲಿ (ರನ್‌ವೇಯತ್ತ ಇಳಿಯುವ ನಿಗದಿತ ದಾರಿಗಳಲ್ಲಿ) ಅದು ಹೆಚ್ಚಾಗಿ ರನ್‌ವೇ ಅಂಚಿನ ಬಿಂದು, 'ಆರ್‌ಡಬ್ಲ್ಯೂ 30' ಎಂಬಂಥ ಹೆಸರು. ಕೆಲವು ಕಡೆ ಅದು ರನ್‌ವೇಗಿಂತ ಮುಂಚೆಯೇ ಇರುತ್ತದೆ. ಪರದೆಯಲ್ಲಿ ಆ ಹೆಸರು ಬರುವವರೆಗೆ ಮೈಲಿಯ ಅಂಕಿಗೆ ಬೆಲೆ ಕೊಡುವುದಿಲ್ಲ. ಹಳೆಯ ಪದ್ಧತಿಯಲ್ಲಿ ಗಡಿಯಾರ ನೋಡಿ 90 ನಾಟ್ ವೇಗಕ್ಕೆ 5 ನಾಟಿಕಲ್ ಮೈಲಿ ಎಂದರೆ 3 ನಿಮಿಷ 20 ಸೆಕೆಂಡು ಎಂದು ಲೆಕ್ಕ ಹಾಕುತ್ತಿದ್ದೆವು. ಎದುರುಗಾಳಿ ಬಲವಾದರೆ ಆ ಲೆಕ್ಕ ಕೆಡುತ್ತಿತ್ತು. ಜಿಪಿಎಸ್‌ನಲ್ಲಿ ಆ ತೊಡಕಿಲ್ಲ.

ಇಳಿಯುವ ಓರೆಯನ್ನೂ (ಗ್ಲೈಡ್‌ಪಾತ್) ತೋರುವ ಎಲ್‌ಪಿವಿ ಸಿಕ್ಕಿದರೆ ಮಾತೇ ಬೇರೆ. ಅಲ್ಲಿ ಬಿಂದುವನ್ನು ಕಾಯುವಂತಿಲ್ಲ; ಗ್ಲೈಡ್‌ಪಾತ್ ಮೇಲೆ ಇಳಿಯುತ್ತಾ ಡಿಸಿಷನ್ ಆಲ್ಟಿಟ್ಯೂಡ್ ಎಂಬ ನಿಗದಿತ ಎತ್ತರ ಮುಟ್ಟಿದ ಕ್ಷಣವೇ ಇಳಿಯುವುದೋ ಏರುವುದೋ ಎಂಬ ನಿರ್ಧಾರ. ಆದ್ದರಿಂದ ಕೊನೆಯ ಇಳಿತ ಶುರುವಾಗುವ ಫೈನಲ್ ಫಿಕ್ಸ್‌ಗೆ ಮುಂಚೆ ಪರದೆಯಲ್ಲಿ ಎಲ್‌ಪಿವಿ ಎಂದಿದೆಯೋ ಎಲ್‌ನ್ಯಾವ್ ಎಂದಿದೆಯೋ ಎಂದು ಬಾಯಿಬಿಟ್ಟು ಓದುತ್ತೇನೆ.

ಎಲ್‌ನ್ಯಾವ್‌ನಲ್ಲಿ ಇನ್ನೊಂದು ಲೆಕ್ಕವಿದೆ. ಕನಿಷ್ಠ ಎತ್ತರವಾದ ಎಂಡಿಎ ನೆಲದಿಂದ 450 ಅಡಿ ಇದ್ದರೆ, ಮೈಲಿಗೆ ಸುಮಾರು 300 ಅಡಿಯಂತೆ ಇಳಿಯಲು ಒಂದೂವರೆ ಮೈಲಿ ಬೇಕು. ಅಷ್ಟೇ ಎತ್ತರದಲ್ಲಿ ರನ್‌ವೇ ಅಂಚಿನವರೆಗೆ ಹೋದ ಮೇಲೆ ದೀಪ ಕಂಡರೂ ನೇರವಾಗಿ ಇಳಿಯಲಾಗದು. ಒಂದೂವರೆ ಮೈಲಿಯಲ್ಲಿ ಏನೂ ಕಾಣದಿದ್ದರೆ ಇಳಿಯುವ ಆಸೆ ಬಿಟ್ಟು ಏರತೊಡಗುತ್ತೇನೆ. ತಿರುವು ಮಾತ್ರ ಮಿಸ್ಡ್ ಅಪ್ರೋಚ್ ಬಿಂದು ದಾಟುವವರೆಗೆ ಇಲ್ಲ. ಬೇಗ ತಿರುಗಿದರೆ ಅಡೆತಡೆಗಳಿಂದ ದೂರವಿಡುವ ಭರವಸೆ ಚಾರ್ಟ್ ಕೊಡುವುದಿಲ್ಲ.

ರೇಟಿಂಗ್ ಪಡೆದ ಮೇಲೆ ಒಂದು ಚಳಿಗಾಲದ ಬೆಳಗ್ಗೆ ಕಣಿವೆಯಲ್ಲಿ ಟೂಲಿ ಎಂಬ ದಟ್ಟ ನೆಲಮಂಜು ಕವಿದಿತ್ತು. ರನ್‌ವೇಯ ಹೆಸರಿನ ಮುಂದೆ ದೂರ 1.5ಕ್ಕೆ ಇಳಿಯಿತು, ಕಿಟಕಿಯಾಚೆ ಬರೀ ಬಿಳುಪು. ಪವರ್ ಪೂರ್ತಿ ಕೊಟ್ಟು ಮೂತಿ ಎತ್ತಿದೆ, ದಾರಿ ತೋರುವ ಸೂಜಿಯನ್ನು ನಡುವೆಯೇ ಹಿಡಿದೆ. ದೂರ ಸೊನ್ನೆಯಾದಾಗ ಜಿಪಿಎಸ್ ಉಪಕರಣವಾದ ಗಾರ್ಮಿನ್ 430 ಡಬ್ಲ್ಯೂ 'ಸಸ್ಪ್' (ತಡೆಹಿಡಿದಿದೆ) ಎಂದು ತೋರಿಸಿ, ಮುಂದಿನ ಬಿಂದುವಿಗೆ ಹೋಗದೆ ಅಲ್ಲೇ ನಿಂತಿತು. ವಿಮಾನ ಸ್ಥಿರವಾಗಿ ಏರುತ್ತಿದೆ ಎಂದು ಇನ್ನೊಮ್ಮೆ ನೋಡಿಕೊಂಡು, ಮುಂದಿನ ದಾರಿ ತೋರಿಸಲೆಂದು ಅದರ ಓಬಿಎಸ್ ಗುಂಡಿ ಒತ್ತಿದೆ.