ಆಕ್‌ಟೆಕ್ ಸ್ಟೈಲ್ ಫೈಲನ್ನು ಚೊಕ್ಕ ಮಾಡುವ ಬಗೆ

ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಲಾಟೆಕ್ (ದಾಖಲೆ ಸಿದ್ಧಪಡಿಸುವ ವ್ಯವಸ್ಥೆ) ಬರೆಯುವವರಿಗೆ, ಅದಕ್ಕೆ ನೆರವಾಗುವ ಆಕ್‌ಟೆಕ್ ಗೊತ್ತೇ ಇರುತ್ತದೆ. ನಮ್ಮದೇ ಮ್ಯಾಕ್ರೋಗಳ (ಲಾಟೆಕ್ ಆದೇಶಗಳ) ಪ್ಯಾಕೇಜ್ ಇದ್ದರೆ, ಅದೇ ಹೆಸರಿನ ಲಿಸ್ಪ್ ಫೈಲ್, ಅಂದರೆ ಸ್ಟೈಲ್ ಫೈಲ್, ಬರೆದು ಆಕ್‌ಟೆಕ್‌ಗೆ ಅವುಗಳ ಪರಿಚಯ ಮಾಡಿಸಬಹುದು. ಗಣಿತದ ಅಭ್ಯಾಸ ಹಾಳೆಗಳಿಗೆ ನಾನೂ ಇಂಥದ್ದೊಂದು ಇಟ್ಟುಕೊಂಡಿದ್ದೇನೆ. ಅದನ್ನು ತಿದ್ದುವಾಗ ನನಗೆ ಮುಖ್ಯವಾಗಿದ್ದು ಒಂದೇ: ಆಕ್‌ಟೆಕ್ ಆಗಲೇ ಮಾಡಿಕೊಡುವ ಕೆಲಸವನ್ನು ನಾವು ಮತ್ತೆ ಬರೆಯಬಾರದು.

ಮೊದಲ ಸಾಲಿನಲ್ಲಿ ಲೆಕ್ಸಿಕಲ್-ಬೈಂಡಿಂಗ್ ಟಿ ಎಂದು ಹಾಕಿ. ಇದಿಲ್ಲದ ಫೈಲನ್ನು ಬೈಟ್-ಕಂಪೈಲ್ ಮಾಡಿದರೆ (ಲಿಸ್ಪ್ ಕೋಡನ್ನು ಬೇಗ ಓಡುವ ರೂಪಕ್ಕೆ ತಂದರೆ) ಈಮ್ಯಾಕ್ಸ್ 30 ಎಚ್ಚರಿಕೆ ಕೊಡುತ್ತದೆ. ಕಂಪೈಲ್ ಮಾಡಿ, ಬಂದ ಎಚ್ಚರಿಕೆಗಳನ್ನು ಒಂದೊಂದಾಗಿ ಓದಿ. ಎಚ್ಚರಿಕೆ ಬಂದದ್ದು ಬೇರೆ ಫೈಲಿನ ವೇರಿಯಬಲ್‌ಗೆ ಆದರೆ ಡೆಫ್‌ವಾರ್, ಫಂಕ್ಷನ್ ಆದರೆ ಡಿಕ್ಲೇರ್-ಫಂಕ್ಷನ್ ಸಾಕು.

ಕಂಪೈಲರ್ ಕಣ್ಣಿಗೆ ಬೀಳದ ಜಾಗ ಒಂದಿದೆ. ಮ್ಯಾಕ್ರೋಗಳನ್ನು ಆಕ್‌ಟೆಕ್‌ಗೆ ತಿಳಿಸುವ ಟೆಕ್-ಆ್ಯಡ್-ಸಿಂಬಲ್ಸ್‌ಗೆ ಕೊಡುವ ಪಟ್ಟಿಯನ್ನು ಕೋಟ್ ಮಾಡಿ, ಅದರೊಳಗೆ ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಬರೆದಿರುತ್ತೇವೆ. ಕೋಟ್ ಒಳಗಿರುವುದು ಬರೀ ಡೇಟಾ, ಅಲ್ವಾ? ಹಾಗಾಗಿ ಆ ಲ್ಯಾಂಬ್ಡಾ ಕಂಪೈಲ್ ಆಗುವುದೇ ಇಲ್ಲ, ಅದರಲ್ಲಿನ ತಪ್ಪಿಗೆ ಎಚ್ಚರಿಕೆಯೂ ಬರುವುದಿಲ್ಲ. ಕೋಟ್ ಬದಲು ಬ್ಯಾಕ್‌ಕೋಟ್ ಹಾಕಿ ಲ್ಯಾಂಬ್ಡಾ ಮುಂದೆ ಕಾಮಾ ಇಡಿ, ಆಗ ಅದು ಕೋಡ್ ಆಗುತ್ತದೆ. ಇಲ್ಲವೇ ಹೆಸರಿರುವ ಫಂಕ್ಷನ್ ಮಾಡಿ. ನನಗೆ ಎರಡನೆಯದೇ ಇಷ್ಟ, ಹುಡುಕುವುದು ಸುಲಭ.

ಆದರೆ ಆ ಫಂಕ್ಷನ್ ನಿಜಕ್ಕೂ ಬೇಕಾ ಅಂತ ಒಮ್ಮೆ ನೋಡಿ. ಲೇಬಲ್ ಕೇಳಲು ಟೆಕ್-ಆರ್ಗ್-ರೆಫ್ ಇದೆ. ಕೀ-ವ್ಯಾಲ್ಯೂ ಆಯ್ಕೆಗಳಿಗೆ ಟೆಕ್-ಆರ್ಗ್-ಕೀ-ವ್ಯಾಲ್ ಇದೆ. ಐಚ್ಛಿಕ ಆರ್ಗ್ಯುಮೆಂಟ್ ಆದರೆ ಅದನ್ನು ಚೌಕ ಆವರಣದಲ್ಲಿ ಹಾಕಿದರೆ ಮುಗಿಯಿತು. ನನ್ನ ಫೈಲಿನಲ್ಲಿದ್ದ, ಬರೆಯುವವರಿಂದ ಆಯ್ಕೆ ಕೇಳುವ ಉದ್ದುದ್ದ ಕಂಪ್ಲೀಟಿಂಗ್-ರೀಡ್ ಸಾಲುಗಳು ಹೀಗೇ ಹೋದವು.

ಸ್ಟೈಲ್ ಫೈಲಿನ ಕೋಡನ್ನು (ಹುಕ್) ನೋಂದಾಯಿಸುವ ಟೆಕ್-ಆ್ಯಡ್-ಸ್ಟೈಲ್-ಹುಕ್‌ನ ಕೊನೆಗೆ, ಇದು ಲಾಟೆಕ್ ಫೈಲಿಗೆ ಎಂದು ಹೇಳುವ ಟೆಕ್-ಡಯಲೆಕ್ಟ್ ಸೇರಿಸಿ. ಮ್ಯಾಕ್ರೋಗಳಿಗೆ ಬಣ್ಣ ಬರಲು ಫಾಂಟ್-ಲಾಟೆಕ್-ಆ್ಯಡ್-ಕೀವರ್ಡ್ಸ್ ಕರೆಯುವ ಮೊದಲು ಫಾಂಟ್-ಲಾಟೆಕ್ ಇದೆಯೇ ಎಂದು ಪರೀಕ್ಷಿಸಿ.

ಇನ್ನು ಪರೀಕ್ಷೆ. ಟೆಕ್-ಪಾರ್ಸ್-ಸೆಲ್ಫ್ ಟಿ ಆಗಿರಬೇಕು, ಇಲ್ಲದಿದ್ದರೆ ಫೈಲ್ ತೆರೆದಾಗ ನಿಮ್ಮ ಯೂಸ್‌ಪ್ಯಾಕೇಜ್ (ಪ್ಯಾಕೇಜ್ ಸೇರಿಸುವ) ಸಾಲನ್ನು ಆಕ್‌ಟೆಕ್ ತಾನಾಗಿ ಓದುವುದಿಲ್ಲ. ಫೈಲ್ ತಿದ್ದಿದ ಮೇಲೆ ಬರೀ ಕಂಟ್ರೋಲ್-ಸಿ ಕಂಟ್ರೋಲ್-ಎನ್ ಒತ್ತಿದರೆ ಹಳೆಯ ಹುಕ್ಕೇ ಓಡುತ್ತದೆ. ಮುಂದೆ ಕಂಟ್ರೋಲ್-ಯು ಸೇರಿಸಿ ಒತ್ತಿ, ಆಗ ಹೊಸದು ಲೋಡ್ ಆಗುತ್ತದೆ. ಆಮೇಲೆ ಕಂಟ್ರೋಲ್-ಸಿ ಕಂಟ್ರೋಲ್-ಎಂ ಒತ್ತಿ ಪ್ರತಿ ಮ್ಯಾಕ್ರೋವನ್ನೂ ಒಮ್ಮೆ ಹಾಕಿ ನೋಡಿ, ಐಚ್ಛಿಕ ಆರ್ಗ್ಯುಮೆಂಟನ್ನು ಖಾಲಿ ಬಿಟ್ಟೂ ನೋಡಿ.