ಚೀನಾದಲ್ಲಿ ಫೋನ್ ಪೇಮೆಂಟ್ ಸರಿಹೋದದ್ದು ಹೀಗೆ

ಚೀನಾದಲ್ಲಿ ತರಕಾರಿ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಯೇ ದುಡ್ಡು ಕೊಡುತ್ತಾರೆ. ಅಲ್ಲಿ ಓದಲು ಹೋದ ನನಗೆ ಬ್ಯಾಂಕ್ ಕಾರ್ಡ್ ಸಿಕ್ಕರೂ ಅದು ವೀಚಾಟ್‌ಗೆ (ಅಲ್ಲಿ ಚಾಟ್‌ಗೂ ದುಡ್ಡು ಕೊಡಲೂ ಬಳಸುವ ಆ್ಯಪ್) ಸೇರುತ್ತಿರಲಿಲ್ಲ. ಮಾಹಿತಿ ಹೊಂದುತ್ತಿಲ್ಲ ಅಂತಷ್ಟೇ ಬರುತ್ತಿತ್ತು.

ಪಾಸ್‌ಪೋರ್ಟ್ ಹಿಡಿದು ಬ್ಯಾಂಕಿಗೇ ಹೋದೆ. ಕೌಂಟರಿನಾಕೆ ಸ್ಕ್ರೀನ್ ತಿರುಗಿಸಿ ತೋರಿಸಿದರು. ಖಾತೆಯಲ್ಲಿ ನನ್ನ ಹೆಸರು, ಅಪ್ಪನ ಹೆಸರು ಎರಡೂ ಸ್ಪೇಸ್ ಇಲ್ಲದೆ ಅಂಟಿಕೊಂಡಿದ್ದವು, ಹಿಂದುಮುಂದಾಗಿ ಬೇರೆ. ಇನಿಷಿಯಲ್, ಊರಿನ ಹೆಸರು ಇರುವ ನಮ್ಮವರಿಗೆ ಈ ತೊಂದರೆ ಜಾಸ್ತಿ, ಅಲ್ವಾ? ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ತಿದ್ದಿಸಿದೆ. ಖಾತೆಗೆ ಕೊಟ್ಟಿದ್ದ ಫೋನ್ ನಂಬರೂ ಹಳೆಯದಾಗಿತ್ತು, ಅದನ್ನೂ ಬದಲಿಸಿದೆ. ಒಟಿಪಿ ಬಂತು, ಕಾರ್ಡ್ ಸೇರಿತು.

ಅಲ್ಲಿಯವರೆಗೆ ಕೈ ಹಿಡಿದದ್ದು ಅಲಿಪೇ ಅನ್ನುವ ಇನ್ನೊಂದು ಪೇಮೆಂಟ್ ಆ್ಯಪ್. ಅದಕ್ಕೆ ನಮ್ಮ ದೇಶದ ವೀಸಾ ಕಾರ್ಡನ್ನೇ ಸೇರಿಸಬಹುದು. ಒಂದು ಸಲಕ್ಕೆ 200 ಯುವಾನ್ ದಾಟಿದರೆ ಮಾತ್ರ ಶೇ. 3 ಶುಲ್ಕ. ಹೊರಡುವ ಮುಂಚೆ ಊರಲ್ಲೇ ಇದನ್ನು ಮಾಡಿಕೊಳ್ಳಿ.