‘ನಿನಗೇನ್ ಹೇಳೂದವ್ವಾ, ಎಲ್ಲಾ ಗೊತ್ತೈತಿ’

ನಾನು ಕಾರ್ಕಳ ಕಡೆಯ ಜೈನರ ಹುಡುಗಿ. ಚಾತುರ್ಮಾಸದಲ್ಲಿ ದಿಗಂಬರ ಮುನಿಗಳಿಗೆ ಆಹಾರ ಕೊಡಲು ಚೌಕ ಹಾಕುವ, ಅಂದರೆ ಮಡಿಯ ಅಡುಗೆಮನೆ ನಡೆಸುವ, ಹೆಂಗಸರ ಬಗ್ಗೆ ಪಿಎಚ್‌ಡಿ ಮಾಡಲೆಂದು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಗೆ ಹೋದೆ. ನಮ್ಮವರೇ ತಾನೇ, ಬೇಗ ಕೆಲಸ ಆಗ್ತದೆ ಅಂದುಕೊಂಡಿದ್ದೆ. ಮೊದಲ ದಿನದ ರೆಕಾರ್ಡಿಂಗ್ ತುಂಬ ಒಂದೇ ಮಾತು: ‘ನಿನಗೇನ್ ಹೇಳೂದವ್ವಾ, ಎಲ್ಲಾ ಗೊತ್ತೈತಿ.’

ನೀವೂ ನಿಮ್ಮದೇ ಜನರ ನಡುವೆ ಸಂಶೋಧನೆಗೆ ಹೊರಟಿದ್ದರೆ ಇದೇ ಮಾತು ಕೇಳುತ್ತೀರಿ. ಆಗ ‘ಗೊತ್ತಿಲ್ಲ ಅಂದುಕೊಂಡು ಹೇಳಿ’ ಅನ್ನಬೇಡಿ. ನಾನು ಅಂದೆ. ನಕ್ಕು, ಮೊರ ಕೊಟ್ಟು ಬೇಳೆ ಆರಿಸಲು ಕೂರಿಸಿದರು. ಗೊತ್ತಿಲ್ಲದವಳ ಹಾಗೆ ನಟಿಸುವ ಬದಲು, ನಿಮಗೆ ನಿಜಕ್ಕೂ ಗೊತ್ತಿಲ್ಲದ್ದು ಯಾವುದು ಅಂತ ಹುಡುಕಿ. ನಮ್ಮ ತುಳುನಾಡಿನ ಜೈನರಲ್ಲಿ ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ವಂಶ. ಬಸದಿ ಪೂಜೆಗೆ ಇಂದ್ರರು ಅನ್ನುವ ಪುರೋಹಿತರು. ಎಷ್ಟೋ ಮನೆಗಳಲ್ಲಿ ದೈವಕ್ಕೆ ಕೋಲವೂ ಉಂಟು. ಇಲ್ಲಿನವರು ಹೊಲ ಮಾಡುವ ಚತುರ್ಥರು; ಚತುರ್ಥ, ಪಂಚಮ ಅನ್ನುವುದು ಈ ಕಡೆಯ ಜೈನರ ಪಂಗಡಗಳು. ‘ನೀವು ಚತುರ್ಥರೋ, ಪಂಚಮರೋ?’ ಅಂದರೆ ನನ್ನಲ್ಲಿ ಉತ್ತರವೇ ಇಲ್ಲ! ನಮ್ಮಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು ಅಂತ ಹೇಳಿದ್ದೇ ತಡ, ಅಜ್ಜಿಯೊಬ್ಬರು ಚೌಕದಲ್ಲಿ ಸೊಸೆಗೆ ಯಾವ ಕೆಲಸ, ಮಗಳಿಗೆ ಯಾವುದು ಅಂತ ಒಂದು ಗಂಟೆ ಬಿಡಿಸಿ ಹೇಳಿದರು.

ಟಿಪ್ಪಣಿ ಬರೆಯುವಾಗ ಪ್ರತಿ ಮಾತಿನ ಪಕ್ಕದಲ್ಲಿ, ಅದನ್ನು ಆಡುವಾಗ ಅವರ ಕಣ್ಣಿಗೆ ನೀವು ಯಾರಾಗಿದ್ದಿರಿ ಅಂತ ಗುರುತು ಹಾಕಿ. ಬಾವಿ ನೀರು ಸೋಸುವಾಗ ನಾನು ಮನೆಮಗಳು. ‘ನಮೋಸ್ತು, ಅತ್ರ ತಿಷ್ಠ ತಿಷ್ಠ’ ಅಂತ ಮುನಿಗಳನ್ನು ಬರಮಾಡಿಕೊಳ್ಳುವ ಸಾಲಿನಲ್ಲಿ ಶ್ರಾವಕಿ, ಅಂದರೆ ಮುನಿಗಳ ಭಕ್ತೆ. ಫೋನ್ ಹೊರತೆಗೆದ ಕೂಡಲೇ ಯೂನಿವರ್ಸಿಟಿಯವಳು. ಒಂದು ದಿನ ಅನ್ನದಲ್ಲಿ ಕೂದಲು ಕಂಡಿತು. ಅಂತರಾಯ, ಅಂದರೆ ಆಹಾರಕ್ಕೆ ವಿಘ್ನ. ಮುನಿಗಳು ಊಟಕ್ಕೆ ಜೋಡಿಸಿದ್ದ ಬೊಗಸೆಯನ್ನು ಅಲ್ಲಿಗೇ ಬಿಟ್ಟರು. ಮರುದಿನದ ಆಹಾರದ ಹೊತ್ತಿನವರೆಗೆ ಇನ್ನು ನೀರೂ ಇಲ್ಲ. ಅಡುಗೆ ಮಾಡಿದ್ದ ಹೆಂಗಸು ನನ್ನ ಹೆಗಲಿಗೆ ಒರಗಿ ಅತ್ತು, ನಾದಿನಿಯನ್ನು ಬೈದರು. ಆ ಮಾತು ಹೇಳಿದ್ದು ಮನೆಮಗಳಿಗೆ. ಅದಕ್ಕೇ ಎರಡು ದಿನ ಬಿಟ್ಟು, ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಕೇಳಿದೆ. ಅಂತರಾಯದ್ದು ಬರಿ, ನಾದಿನಿದು ಬ್ಯಾಡ ಅಂದರು. ನಾದಿನಿಯನ್ನು ಬೈದದ್ದು ಯಾಕೆ ಅನ್ನುವುದು ಪ್ರಬಂಧದಲ್ಲಿ ಇಲ್ಲ, ಇಲ್ಲಿಯೂ ಇಲ್ಲ. ಮೊದಲ ದಿನ ಸಹಿ ಮಾಡಿಸಿಕೊಂಡ ಒಪ್ಪಿಗೆ ಪತ್ರ ಇಂಥ ಕಡೆ ಏನೇನೂ ಸಾಲದು.

ನಿಮಗೂ ಪ್ರಶ್ನೆ ಬೀಳುತ್ತದೆ. ವ್ರತ ಪಾಲಿಸುವ ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಗಡ್ಡೆಗೆಣಸು ತಿನ್ನುವುದಿಲ್ಲ. ‘ರಾತ್ರಿ ಉಣ್ತೀಯೇನು?’ ಒಬ್ಬರು ಕೇಳಿದರು. ‘ಇಲ್ಲ’ ಅಂದೆ. ಹಸೀ ಸುಳ್ಳು, ಹಾಸ್ಟೆಲಿನಲ್ಲಿ ರಾತ್ರಿ ಒಂಬತ್ತಕ್ಕೆ ಊಟ, ಅದೂ ಆಲೂಗಡ್ಡೆ ಪಲ್ಯ. ವಾರ ಕಳೆದು ಒಪ್ಪಿಕೊಂಡೆ. ‘ನನ್ನ ಮಗಾನೂ ಪುಣೆದಾಗ ಹಂಗಽ’ ಅಂದರು. ಪಟ್ಟಣ ಸೇರಿದ ಮಕ್ಕಳ ಕತೆಗಳು ಶುರುವಾದದ್ದೇ ಆಮೇಲೆ. ಹೇಳಿದ ಸುಳ್ಳನ್ನೂ ತಾರೀಖು ಹಾಕಿ ಬರೆದಿಡಿ. ಆ ವಾರ ಅವರು ಮಾತಾಡಿದ್ದು ವ್ರತ ಪಾಲಿಸುವ ಹುಡುಗಿಯ ಜೊತೆ.

ಸಲ್ಲೇಖನದ, ಅಂದರೆ ಆಹಾರ ಬಿಡುತ್ತ ಸಾವನ್ನು ಬರಮಾಡಿಕೊಳ್ಳುವ ವ್ರತದ, ವಿಷಯಕ್ಕೆ ಮಾತ್ರ ಅವಸರ ಬೇಡ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆ ಪದ ಎತ್ತಿದರೆ ನಮ್ಮವರೇ ‘ಯಾರು ಕಳಿಸ್ಯಾರ ನಿನ್ನ?’ ಅಂತ ಕೇಳಿದ್ದುಂಟು. ಊರು, ಬಸದಿ, ಮುನಿಗಳ ಹೆಸರು ಮೂರನ್ನೂ ಟಿಪ್ಪಣಿಯ ಹಂತದಲ್ಲೇ ಬದಲಿಸಿಬಿಡಿ.

ಇನ್ನೊಂದು, ಗೈಡ್‌ಗಳು ಹೇಳಿಕೊಡದ್ದು. ಮುಟ್ಟಾದರೆ ಚೌಕಕ್ಕೆ ಪ್ರವೇಶವಿಲ್ಲ. ಮೊದಲ ತಿಂಗಳ ಆ ದಿನಗಳು ನನ್ನ ಪುಸ್ತಕದಲ್ಲಿ ಖಾಲಿ, ‘ರಜೆ ಹಾಕಿದ್ರಾ?’ ಅಂದರು ಗೈಡ್. ಖಾಲಿ ಯಾಕೆ ಅಂತ ಸಂಶೋಧನಾ ವಿಧಾನದ ಅಧ್ಯಾಯದಲ್ಲೇ ಬರೆದೆ, ನೀವೂ ಬರೆಯಿರಿ. ಎರಡನೇ ತಿಂಗಳು ಕೋಣೆಯಲ್ಲಿ ಮಲಗದೆ ಹಿತ್ತಲ ಕಟ್ಟೆಗೆ ಹೋಗಿ ಕೂತೆ. ಅಲ್ಲಿ ನನ್ನಂತೆ ಹೊರಗಾದವರು ಇನ್ನಿಬ್ಬರಿದ್ದರು. ಚೌಕದೊಳಗೆ ಯಾರೂ ಆಡದ ಮಾತುಗಳನ್ನು ಸಂಜೆಯವರೆಗೂ ಆಡಿದರು. ನನ್ನ ರೆಕಾರ್ಡರ್ ಒಳಗೆ ಗೂಟಕ್ಕೆ ನೇತುಹಾಕಿದ ಬ್ಯಾಗಿನಲ್ಲಿತ್ತು. ಒಳಗೆ ಹೋಗಿ ತರುವ ಹಾಗಿರಲಿಲ್ಲ.